ಮದರ್‌ಬೋರ್ಡ್ ಕೊಳ್ಳುವ ಮುನ್ನ: ಸ್ಲಾಟ್‌ಗಳ ಹಿಂದಿನ ಲೆಕ್ಕವನ್ನು ಓದುವುದು ಹೇಗೆ?

ಡೆಸ್ಕ್‌ಟಾಪ್ ಕಂಪ್ಯೂಟರನ್ನು ಬಿಡಿಭಾಗಗಳಿಂದ ಜೋಡಿಸಿಕೊಳ್ಳುವವರು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗಳ ಬಗ್ಗೆ ವಾರಗಟ್ಟಲೆ ವಿಚಾರಿಸುತ್ತಾರೆ. ಎಲ್ಲ ಬಿಡಿಭಾಗಗಳನ್ನೂ ಒಂದಕ್ಕೊಂದು ಸೇರಿಸುವ ಮುಖ್ಯ ಫಲಕವಾದ ಮದರ್‌ಬೋರ್ಡ್‌ನ ಸರದಿ ಬಂದಾಗ ಮಾತ್ರ ಉಳಿದ ಹಣಕ್ಕೆ ಹೊಂದುವಂಥದ್ದು ಯಾವುದಾದರೂ ಆದೀತು ಎಂದುಬಿಡುತ್ತಾರೆ. ಆದರೆ ಎರಡು ವರ್ಷದ ನಂತರ ಇನ್ನೊಂದು ಎಸ್‌ಎಸ್‌ಡಿ (ಕಡತಗಳನ್ನಿಡುವ ವೇಗದ ಸಾಧನ) ಸೇರಿಸಬಹುದೇ, ರ‍್ಯಾಮ್ ಹೆಚ್ಚಿಸಬಹುದೇ, ಪ್ರೊಸೆಸರನ್ನಷ್ಟೇ ಬದಲಾಯಿಸಿ ಅದೇ ಯಂತ್ರವನ್ನು ಮುಂದುವರಿಸಬಹುದೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕಾದದ್ದು ಮದರ್‌ಬೋರ್ಡೇ. ಎಷ್ಟು ಸ್ಲಾಟ್‌ಗಳಿವೆ ಎಂಬುದನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಅವುಗಳಲ್ಲಿ ಎಷ್ಟನ್ನು ಏಕಕಾಲಕ್ಕೆ, ಪೂರ್ಣ ವೇಗದಲ್ಲಿ ಬಳಸಬಹುದು ಎಂಬ ವಿವರ ಕೈಪಿಡಿಯ ಒಳಪುಟಗಳಲ್ಲಿ ಸಣ್ಣ ಅಕ್ಷರಗಳಲ್ಲಿರುತ್ತದೆ. ಆದ್ದರಿಂದ ಹಣ ಕೊಡುವ ಮೊದಲೇ ಕೈಪಿಡಿಯನ್ನು ಓದಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ, ಮತ್ತು ಮುಂದಿನ ಹೆಜ್ಜೆಗಳೆಲ್ಲ ಆ ಓದಿಗೆ ಸಂಬಂಧಿಸಿದವು.

ಮೊದಲು ನಿಮ್ಮ ಪಟ್ಟಿ, ಆಮೇಲೆ ಬೋರ್ಡ್‌ನ ಕೈಪಿಡಿ

ಒಂದು ಹಾಳೆಯಲ್ಲಿ ಎರಡು ಪಟ್ಟಿಗಳನ್ನು ಬರೆದುಕೊಳ್ಳಿ. ಮೊದಲನೆಯದರಲ್ಲಿ ಈಗಲೇ ಜೋಡಿಸುವ ಸಾಧನಗಳಿರಲಿ. ಎರಡನೆಯದರಲ್ಲಿ ಮುಂದಿನ ನಾಲ್ಕೈದು ವರ್ಷಗಳಲ್ಲಿ ಸೇರಿಸುವ ಸಂಭವವಿರುವ ಸಾಧನಗಳಿರಲಿ. ಕಚೇರಿಯ ಕೆಲಸ ಮತ್ತು ಮಕ್ಕಳ ಓದಿಗೆ ಮಾತ್ರ ಬಳಸುವ ಯಂತ್ರವಾದರೆ ಎರಡನೆಯ ಪಟ್ಟಿಯಲ್ಲಿ ಒಂದು ಎಸ್‌ಎಸ್‌ಡಿಯ ಹೊರತು ಏನೂ ಇರಲಿಕ್ಕಿಲ್ಲ, ಹಾಗಿದ್ದಲ್ಲಿ ದುಬಾರಿ ಬೋರ್ಡ್‌ಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ವಿಡಿಯೊ ಸಂಕಲನ ಮಾಡುವವರ ಪಟ್ಟಿ ಬೇರೆ: ಗ್ರಾಫಿಕ್ಸ್ ಕಾರ್ಡ್, ಎರಡು ಎನ್‌ವಿಎಂಇ ಎಸ್‌ಎಸ್‌ಡಿ (ಎಸ್‌ಎಸ್‌ಡಿಗಳಲ್ಲೇ ಹೆಚ್ಚು ವೇಗದ ಬಗೆ), ಹಳೆಯ ಕಡತಗಳಿಗಾಗಿ ಎರಡು ಹಾರ್ಡ್ ಡಿಸ್ಕ್, ಮುಂದೊಂದು ದಿನ ಕ್ಯಾಪ್ಚರ್ ಕಾರ್ಡ್ (ಹೊರಗಿನ ವಿಡಿಯೊವನ್ನು ಕಂಪ್ಯೂಟರ್‌ಗೆ ತುಂಬಿಕೊಳ್ಳುವ ಕಾರ್ಡ್). ಈ ಎರಡನೆಯ ಉದಾಹರಣೆಯನ್ನು ನೆನಪಿನಲ್ಲಿಡಿ, ಕೆಳಗೆ ಅದರದೇ ಲೆಕ್ಕ ಹಾಕಲಿದ್ದೇವೆ.

ಬಳಿಕ ನೀವು ಯೋಚಿಸುತ್ತಿರುವ ಬೋರ್ಡ್‌ನ ಕೈಪಿಡಿಯನ್ನು ತಯಾರಕರ ಜಾಲತಾಣದಿಂದ ಇಳಿಸಿಕೊಳ್ಳಿ. ಎಲ್ಲ ಪ್ರಮುಖ ತಯಾರಕರೂ ಪ್ರತಿ ಮಾದರಿಯ ಕೈಪಿಡಿಯನ್ನು ಉಚಿತವಾಗಿ ಇಟ್ಟಿರುತ್ತಾರೆ. ಮಾದರಿಯ ಹೆಸರನ್ನು ಕೊನೆಯ ಅಕ್ಷರದವರೆಗೂ ಹೊಂದಿಸಿ ನೋಡಬೇಕು, ಏಕೆಂದರೆ ಹೆಸರಿನ ಕೊನೆಯ ‘ಡಿ4’ ಎಂಬ ಒಂದು ಗುರುತು ಆ ಬೋರ್ಡ್ ಡಿಡಿಆರ್4 ರ‍್ಯಾಮ್‌ಗೆ ಮಾತ್ರ ಹೊಂದುತ್ತದೆ ಎಂಬುದನ್ನು ಹೇಳುತ್ತಿರಬಹುದು. ಕೆಲವು ತಯಾರಕರು ಒಂದೇ ಹೆಸರಿನಲ್ಲಿ ಬೇರೆ ಬೇರೆ ಪರಿಷ್ಕರಣೆಗಳನ್ನೂ ಮಾರುತ್ತಾರೆ. ಪರಿಷ್ಕರಣೆಯ ಸಂಖ್ಯೆಯನ್ನು ಬೋರ್ಡ್‌ನ ಒಂದು ಮೂಲೆಯಲ್ಲಿ ಮುದ್ರಿಸಿರುತ್ತಾರೆ.

ಸಾಕೆಟ್: ಬೋರ್ಡ್‌ನ ಆಯುಷ್ಯ

ಪ್ರೊಸೆಸರ್ ಕೂರುವ ಸಾಕೆಟ್ ಯಾವುದು ಎಂಬುದರ ಮೇಲೆ ಬೋರ್ಡ್ ಎಷ್ಟು ಕಾಲ ಬಾಳುತ್ತದೆ ಎಂಬುದು ನಿಂತಿದೆ. ಎಎಂಡಿಯ ಎಎಂ4 ಸಾಕೆಟ್ 2017ರ ಮೊದಲ ರೈಜೆನ್‌ನಿಂದ 2022ರ ರೈಜೆನ್ 7 5800ಎಕ್ಸ್3ಡಿವರೆಗೆ ಹಲವು ಪೀಳಿಗೆಗಳನ್ನು ಹೊತ್ತಿತು. ಮೊದಲ ವರ್ಷದ ಅನೇಕ ಬೋರ್ಡ್‌ಗಳು ಬಯೋಸ್ (ಯಂತ್ರವನ್ನು ಚಾಲೂ ಮಾಡುವ, ಬೋರ್ಡ್‌ನೊಳಗಿನ ತಂತ್ರಾಂಶ) ಅಪ್‌ಡೇಟ್‌ನ ನೆರವಿನಿಂದ ಐದು ವರ್ಷಗಳ ನಂತರದ ಪ್ರೊಸೆಸರ್‌ಗಳನ್ನೂ ಸ್ವೀಕರಿಸಿದವು. 2022ರ ಸೆಪ್ಟೆಂಬರ್‌ನಲ್ಲಿ ಬಂದ ಎಎಂ5 ಸಾಕೆಟ್‌ಗೆ 2027ರವರೆಗೂ ಅದರಾಚೆಗೂ ಬೆಂಬಲವಿರುತ್ತದೆಂದು ಎಎಂಡಿ ಪ್ರಕಟಿಸಿದೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 12, 13 ಮತ್ತು 14ನೇ ಪೀಳಿಗೆಯ ಕೋರ್ ಪ್ರೊಸೆಸರ್‌ಗಳನ್ನು ಹೊತ್ತಿತು. 2024ರ ಅಕ್ಟೋಬರ್‌ನಲ್ಲಿ ಕೋರ್ ಅಲ್ಟ್ರಾ 200ಎಸ್ ಸರಣಿ ಎಲ್‌ಜಿಎ 1851 ಎಂಬ ಬೇರೆ ಸಾಕೆಟ್‌ನೊಂದಿಗೆ ಬಂತು. ಹಾಗೆಂದು ಎಲ್‌ಜಿಎ 1700 ಬೋರ್ಡ್ ಕೊಳ್ಳಬಾರದೆಂದಲ್ಲ. ಈಗ ಕೋರ್ ಐ3 ಹಾಕಿ ಮುಂದೆ ಅಗ್ಗವಾದಾಗ ಐ7ಕ್ಕೆ ಏರುವ ಯೋಜನೆಯಿದ್ದರೆ ಅದು ಈಗಲೂ ಒಳ್ಳೆಯ ಆಯ್ಕೆಯೇ. ಇನ್ನೂ ಬಿಡುಗಡೆಯಾಗದ ಪ್ರೊಸೆಸರ್ ಅದರಲ್ಲಿ ಕೂತೀತೆಂಬ ನಿರೀಕ್ಷೆಯನ್ನು ಮಾತ್ರ ಇಟ್ಟುಕೊಳ್ಳಬೇಡಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ನಮ್ಮ ಮಾರುಕಟ್ಟೆಯಲ್ಲಿ ಎಚ್61 ಚಿಪ್‌ಸೆಟ್‌ನ (ಬೋರ್ಡ್‌ನ ಸ್ಲಾಟ್, ಪೋರ್ಟ್‌ಗಳನ್ನು ನಿರ್ವಹಿಸುವ ಚಿಪ್) ಬೋರ್ಡ್‌ಗಳು ಇಂದಿಗೂ ಹೊಸ ಪೆಟ್ಟಿಗೆಯಲ್ಲಿ, ಹೊಸ ಸರಕಿನಂತೆ ಸಿಗುತ್ತವೆ. ಎಚ್61 ಎಂಬುದು 2011ರ ಚಿಪ್‌ಸೆಟ್. ಅದಕ್ಕೆ ಡಿಡಿಆರ್3 ರ‍್ಯಾಮ್ ಬೇಕು, ಗರಿಷ್ಠ 16 ಜಿಬಿಯಷ್ಟೇ ಹಿಡಿಸುತ್ತದೆ, ಹಾರ್ಡ್ ಡಿಸ್ಕ್‌ನಂಥ ಸಾಧನಗಳನ್ನು ಜೋಡಿಸುವ ಸಾಟಾ ಕೊಂಡಿಯ ವೇಗ ಸೆಕೆಂಡಿಗೆ 3 ಗಿಗಾಬಿಟ್‌ಗೆ ಸೀಮಿತ, ಮತ್ತು ಅದರಲ್ಲಿ ಕೂರುವ ಪ್ರೊಸೆಸರ್‌ಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ಕೆಟ್ಟುಹೋದ ಹಳೆಯ ಬೋರ್ಡ್‌ಗೆ ಬದಲಿಯಾಗಿ ಅದು ಉಪಯುಕ್ತವಾದೀತು. ವಿಸ್ತರಿಸಬಹುದಾದ ಹೊಸ ಯಂತ್ರಕ್ಕೆಂದು ಅದನ್ನು ಕೊಂಡರೆ ವಿಸ್ತರಣೆಯ ಬಾಗಿಲು ಮೊದಲ ದಿನವೇ ಮುಚ್ಚಿರುತ್ತದೆ.

ಲೇನ್‌ಗಳ ಲೆಕ್ಕ

ಗ್ರಾಫಿಕ್ಸ್ ಕಾರ್ಡ್, ಎನ್‌ವಿಎಂಇ ಎಸ್‌ಎಸ್‌ಡಿ, ವೇಗದ ನೆಟ್‌ವರ್ಕ್ ಕಾರ್ಡ್ ಇವೆಲ್ಲ ಪ್ರೊಸೆಸರ್‌ನೊಂದಿಗೆ ಮಾತನಾಡುವುದು ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳ, ಅಂದರೆ ದತ್ತಾಂಶ ಸಾಗುವ ದಾರಿಗಳ, ಮೂಲಕ. ಮೂರನೇ ಪೀಳಿಗೆಯ ಒಂದು ಲೇನ್ ಸೆಕೆಂಡಿಗೆ ಸುಮಾರು 1 ಗಿಗಾಬೈಟ್ ಸಾಗಿಸುತ್ತದೆ. ನಾಲ್ಕನೇ ಪೀಳಿಗೆಯದು ಸುಮಾರು 2, ಐದನೆಯದು ಸುಮಾರು 4. ಎನ್‌ವಿಎಂಇ ಎಸ್‌ಎಸ್‌ಡಿ ಸಾಮಾನ್ಯವಾಗಿ ನಾಲ್ಕು ಲೇನ್‌ಗಳನ್ನು ಕೇಳುತ್ತದೆ, ಗ್ರಾಫಿಕ್ಸ್ ಕಾರ್ಡ್ ಎಂಟನ್ನೋ ಹದಿನಾರನ್ನೋ ಕೇಳುತ್ತದೆ. ಲೇನ್‌ಗಳು ಎರಡು ಕಡೆಯಿಂದ ಹೊರಡುತ್ತವೆ. ಕೆಲವು ನೇರವಾಗಿ ಪ್ರೊಸೆಸರ್‌ನಿಂದ ಬರುತ್ತವೆ. ಉಳಿದವು ಚಿಪ್‌ಸೆಟ್‌ನಿಂದ ಬರುತ್ತವೆ, ಮತ್ತು ಚಿಪ್‌ಸೆಟ್ ತಾನೇ ಒಂದು ಸೀಮಿತ ಕೊಂಡಿಯ ಮೂಲಕ ಪ್ರೊಸೆಸರ್‌ಗೆ ಸೇರಿರುತ್ತದೆ. ಮನೆಯಲ್ಲಿ ಎಷ್ಟು ನಲ್ಲಿಗಳಿದ್ದರೂ ತಾರಸಿಯ ಟ್ಯಾಂಕಿನಿಂದ ಇಳಿಯುವ ಕೊಳವೆ ಒಂದೇ ಆಗಿದ್ದರೆ ಎಲ್ಲವನ್ನೂ ಒಟ್ಟಿಗೆ ತಿರುಗಿಸಿದಾಗ ನೀರಿನ ರಭಸ ಕುಗ್ಗುವಂತೆ, ಚಿಪ್‌ಸೆಟ್‌ಗೆ ಜೋಡಿಸಿದ ಸಾಧನಗಳೆಲ್ಲ ಆ ಒಂದೇ ಕೊಂಡಿಯನ್ನು ಹಂಚಿಕೊಳ್ಳುತ್ತವೆ.

ಎಎಂ5 ಸಾಕೆಟ್‌ನ ಬಿ650 ಬೋರ್ಡ್ ಒಂದನ್ನು ರೈಜೆನ್ 5 7600 ಪ್ರೊಸೆಸರ್‌ನೊಂದಿಗೆ ತೆಗೆದುಕೊಂಡು ವಿಡಿಯೊ ಸಂಕಲನಕಾರರ ಪಟ್ಟಿಯನ್ನು ಅದಕ್ಕೆ ಹೊಂದಿಸಿ ನೋಡೋಣ. ಪ್ರೊಸೆಸರ್ ಒಟ್ಟು 28 ಲೇನ್‌ಗಳನ್ನು ಕೊಡುತ್ತದೆ. ನಾಲ್ಕು ಚಿಪ್‌ಸೆಟ್‌ನ ಕೊಂಡಿಗೆ ಹೋದರೆ 24 ಉಳಿಯುತ್ತವೆ: ಹದಿನಾರು ಗ್ರಾಫಿಕ್ಸ್ ಸ್ಲಾಟ್‌ಗೆ, ನಾಲ್ಕು ಎಸ್‌ಎಸ್‌ಡಿ ಕೂರುವ ಮೊದಲ ಎಂ.2 ಸ್ಲಾಟ್‌ಗೆ, ಇನ್ನು ನಾಲ್ಕನ್ನು ತಯಾರಕರು ಎರಡನೆಯ ಎಂ.2 ಸ್ಲಾಟ್‌ಗೋ ಬೇರೆ ಸಾಧನಕ್ಕೋ ಬಳಸಬಹುದು. ಚಿಪ್‌ಸೆಟ್ ತನ್ನ ಪಾಲಿನಿಂದ ನಾಲ್ಕನೇ ಪೀಳಿಗೆಯ ಎಂಟು ಲೇನ್‌ಗಳನ್ನೂ, ಮೂರನೇ ಪೀಳಿಗೆಯ ಲೇನ್‌ಗಳಾಗಿ ಇಲ್ಲವೇ ಸಾಟಾ ಪೋರ್ಟ್‌ಗಳಾಗಿ ಬಳಸಬಹುದಾದ ಇನ್ನು ನಾಲ್ಕನ್ನೂ ಕೊಡುತ್ತದೆ. ಚಿಪ್‌ಸೆಟ್‌ನ ಕೊಂಡಿ ನಾಲ್ಕನೇ ಪೀಳಿಗೆಯ ನಾಲ್ಕು ಲೇನ್, ಅಂದರೆ ಸೆಕೆಂಡಿಗೆ ಸುಮಾರು 8 ಗಿಗಾಬೈಟ್. ಹೀಗಿರುವಾಗ ಗ್ರಾಫಿಕ್ಸ್ ಕಾರ್ಡ್ ಮತ್ತು ಮೊದಲ ಎಸ್‌ಎಸ್‌ಡಿ ನೇರ ದಾರಿಯಲ್ಲಿ ಕೂರುತ್ತವೆ, ಎರಡನೆಯ ಎಸ್‌ಎಸ್‌ಡಿಗೂ ನೇರ ದಾರಿ ಸಿಗುವ ಸಾಧ್ಯತೆಯಿದೆ. ಎರಡು ಹಾರ್ಡ್ ಡಿಸ್ಕ್‌ಗಳು ಮತ್ತು ಕ್ಯಾಪ್ಚರ್ ಕಾರ್ಡ್ ಚಿಪ್‌ಸೆಟ್‌ನಲ್ಲಿ ಯಾವ ಇಕ್ಕಟ್ಟೂ ಇಲ್ಲದೆ ಹಿಡಿಸುತ್ತವೆ. ಪಟ್ಟಿ ಪೂರ್ತಿಯಾಯಿತು.

ಅದೇ ಪಟ್ಟಿಯನ್ನು ಎಲ್‌ಜಿಎ 1700ರ ಎಚ್610 ಬೋರ್ಡ್‌ಗೆ ಹೊಂದಿಸಿದರೆ ಚಿತ್ರ ಬದಲಾಗುತ್ತದೆ. ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಡಿಗೆಂದೇ ಇರುವ ನಾಲ್ಕು ಲೇನ್‌ಗಳನ್ನು ಎಚ್610ರಲ್ಲಿ ಬಳಸಲು ಬರುವುದಿಲ್ಲ. ಚಿಪ್‌ಸೆಟ್‌ನಿಂದ ಸಿಗುವುದು ಮೂರನೇ ಪೀಳಿಗೆಯ ಎಂಟೇ ಲೇನ್. ಆದ್ದರಿಂದ ಸಾಮಾನ್ಯವಾಗಿ ಎಂ.2 ಎಸ್‌ಎಸ್‌ಡಿ ಸ್ಲಾಟ್ ಒಂದೇ ಇರುತ್ತದೆ, ಕ್ಯಾಪ್ಚರ್ ಕಾರ್ಡ್‌ಗೆ ಒಂದು ಲೇನ್‌ನ ಸಣ್ಣ ಸ್ಲಾಟ್ ಉಳಿಯುತ್ತದೆ. ಕಚೇರಿ ಕೆಲಸದ ಯಂತ್ರಕ್ಕೆ ಇದು ಧಾರಾಳ. ಸಂಕಲನಕಾರರಿಗೆ ಇದು ಸಾಲದು. ಇಂಟೆಲ್‌ನಲ್ಲೇ ಬಿ760ಕ್ಕೆ ಏರಿದರೆ ಎಸ್‌ಎಸ್‌ಡಿಯ ನೇರ ದಾರಿ ತೆರೆಯುತ್ತದೆ. ಝಡ್790ರಲ್ಲಿ ಚಿಪ್‌ಸೆಟ್‌ನ ಕೊಂಡಿಯೂ ಬಿ760ರ ನಾಲ್ಕು ಲೇನ್‌ಗಳಿಗೆ ಬದಲಾಗಿ ಎಂಟು ಲೇನ್‌ಗಳಷ್ಟು ಅಗಲವಾಗಿರುತ್ತದೆ.

ಲೇನ್‌ಗಳ ವಿಷಯದಲ್ಲಿ ಬೋರ್ಡ್‌ನಷ್ಟೇ ಪ್ರೊಸೆಸರನ್ನೂ ನೋಡಬೇಕು. ರೈಜೆನ್ 7 8700ಜಿ ಎಎಂ5 ಸಾಕೆಟ್‌ನಲ್ಲೇ ಕೂರುತ್ತದೆ, ಆದರೆ ಗ್ರಾಫಿಕ್ಸ್ ಸ್ಲಾಟ್‌ಗೆ ಅದು ಕೊಡುವುದು ಎಂಟು ಲೇನ್. ರೈಜೆನ್ 5 8500ಜಿ ಕೊಡುವುದು ನಾಲ್ಕೇ. ಎಷ್ಟು ಬೆಲೆಯ ಬೋರ್ಡ್ ತಂದರೂ ಈ ಮಿತಿ ದಾಟುವುದಿಲ್ಲ. ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿಯೂ ಇಂಥದೇ ವ್ಯತ್ಯಾಸವಿದೆ. ಆರ್‌ಟಿಎಕ್ಸ್ 4060 ಎಂಟು ಲೇನ್‌ಗಳಲ್ಲಿ ಕೆಲಸ ಮಾಡುವ ಕಾರ್ಡ್, ಆರ್‌ಎಕ್ಸ್ 6500 ಎಕ್ಸ್‌ಟಿ ನಾಲ್ಕರಲ್ಲಿ. ಇವನ್ನು ಬಿ450ಯಂಥ ಮೂರನೇ ಪೀಳಿಗೆಯ ಸ್ಲಾಟ್‌ನ ಹಳೆಯ ಬೋರ್ಡ್‌ಗೆ ಹಾಕಿದರೆ ದಾರಿಯ ವೇಗ ಅರ್ಧಕ್ಕಿಳಿಯುತ್ತದೆ, ಅದರಲ್ಲೂ ಎರಡನೆಯ ಕಾರ್ಡ್‌ನಲ್ಲಿ ಆಟಗಳ ವೇಗ ಎದ್ದುಕಾಣುವಂತೆ ಕುಸಿಯುತ್ತದೆ. ಇನ್ನೊಂದೆಡೆ ಹದಿನಾರು ಲೇನ್‌ನ ಗ್ರಾಫಿಕ್ಸ್ ಕಾರ್ಡ್‌ಗೆ ನಾಲ್ಕನೇ ಪೀಳಿಗೆಯ ಸ್ಲಾಟ್ ಸಾಕಷ್ಟಾಯಿತು. ಐದನೇ ಪೀಳಿಗೆಯ ಸ್ಲಾಟ್ ಇದೆಯೆಂಬ ಒಂದೇ ಕಾರಣಕ್ಕೆ ಸಾವಿರಾರು ರೂಪಾಯಿ ಹೆಚ್ಚು ಕೊಡುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ಬೋರ್ಡ್ ಕೈಯಲ್ಲಿದ್ದರೆ ಸ್ಲಾಟ್‌ನ ಒಳಗನ್ನು ಬೆಳಕು ಬಿಟ್ಟು ನೋಡಿ. ಕೆಳಗಿನ ಉದ್ದ ಸ್ಲಾಟ್ ಮೇಲ್ನೋಟಕ್ಕೆ ಹದಿನಾರು ಲೇನ್‌ನದಂತೆಯೇ ಇರುತ್ತದೆ, ಆದರೆ ಬಗ್ಗಿ ನೋಡಿದಾಗ ಲೋಹದ ಸಣ್ಣ ಪಿನ್‌ಗಳು ಒಂದು ತುದಿಯಿಂದ ಸ್ವಲ್ಪ ದೂರದವರೆಗೆ ಮಾತ್ರ ಮಿನುಗುತ್ತವೆ, ಅಲ್ಲಿಂದಾಚೆಗೆ ಬರಿಯ ಪ್ಲಾಸ್ಟಿಕ್ ತೋಡು ಕಾಣುತ್ತದೆ. ಪಿನ್‌ಗಳು ಎಲ್ಲಿಯವರೆಗಿವೆಯೋ ಅಷ್ಟೇ ಲೇನ್. ಕೈಪಿಡಿಯಲ್ಲಿ ಇದನ್ನು ‘ಎಕ್ಸ್16 ಸ್ಲಾಟ್, ಎಕ್ಸ್4 ವೇಗದಲ್ಲಿ’ ಎಂಬರ್ಥದ ಸಾಲಿನಲ್ಲಿ ಬರೆದಿರುತ್ತಾರೆ.

ಎಂ.2 ಮತ್ತು ಸಾಟಾ

ಎಂ.2 ಎಂಬುದು ಸ್ಲಾಟ್‌ನ ಆಕಾರದ ಹೆಸರು ಮಾತ್ರ. ಅದರಲ್ಲಿ ಎನ್‌ವಿಎಂಇ ಎಸ್‌ಎಸ್‌ಡಿ ಕೂರಬಹುದು, ಸಾಟಾ ಎಸ್‌ಎಸ್‌ಡಿಯೂ ಕೂರಬಹುದು. ಸಾಟಾದ ವೇಗ ಸೆಕೆಂಡಿಗೆ 550 ಮೆಗಾಬೈಟ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ, ನಾಲ್ಕನೇ ಪೀಳಿಗೆಯ ಎನ್‌ವಿಎಂಇಯದು 7,000ದವರೆಗೂ ಹೋಗುತ್ತದೆ. ಪ್ರತಿ ಎಂ.2 ಸ್ಲಾಟ್‌ಗೂ ಕೈಪಿಡಿಯಲ್ಲಿ ನಾಲ್ಕು ಸಂಗತಿಗಳನ್ನು ಹುಡುಕಿ: ಅದು ಪ್ರೊಸೆಸರ್‌ಗೆ ಸೇರಿದ್ದೋ ಚಿಪ್‌ಸೆಟ್‌ಗೆ ಸೇರಿದ್ದೋ, ಯಾವ ಪೀಳಿಗೆಯದು, ಎಷ್ಟು ಲೇನ್, ಯಾವ ಉದ್ದದ ಎಸ್‌ಎಸ್‌ಡಿ ಹಿಡಿಸುತ್ತದೆ. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇದೇ ಅಳತೆ. ವೈಫೈ ಕಾರ್ಡ್‌ಗೆಂದು ಇರುವ ಗಿಡ್ಡ ಎಂ.2 ಸ್ಲಾಟ್‌ನ ಕೀಲಿ (ಕಚ್ಚು ಇರುವ ಜಾಗ) ಬೇರೆಯಾದ್ದರಿಂದ ಅದನ್ನು ಎಸ್‌ಎಸ್‌ಡಿಯ ಲೆಕ್ಕಕ್ಕೆ ಸೇರಿಸಬಾರದು.

ಹೆಚ್ಚು ಜನ ಎಡವುವುದು ಹಂಚಿಕೆಯ ಷರತ್ತಿನಲ್ಲಿ. ‘ಎರಡನೆಯ ಎಂ.2 ಸ್ಲಾಟ್ ಬಳಕೆಯಲ್ಲಿದ್ದಾಗ 5 ಮತ್ತು 6ನೇ ಸಾಟಾ ಪೋರ್ಟ್‌ಗಳು ಕೆಲಸ ಮಾಡುವುದಿಲ್ಲ’ ಎಂಬಂಥ ಸಾಲು ಅನೇಕ ಕೈಪಿಡಿಗಳಲ್ಲಿ ಕೋಷ್ಟಕದ ಕೆಳಗಿನ ಅಡಿಟಿಪ್ಪಣಿಯಾಗಿ ಅಡಗಿರುತ್ತದೆ. ಹೊಸ ಎಸ್‌ಎಸ್‌ಡಿ ಹಾಕಿದ ಕೂಡಲೇ ಹಳೆಯ ಹಾರ್ಡ್ ಡಿಸ್ಕ್ ಕಾಣೆಯಾಯಿತೆಂದು ಗಾಬರಿಯಾಗುವವರ ತೊಂದರೆಗೆ ಬಹಳ ಸಲ ಇದೇ ಕಾರಣ. ಡಿಸ್ಕ್ ಕೆಟ್ಟಿರುವುದಿಲ್ಲ, ಪೋರ್ಟ್ ಮುಚ್ಚಿರುತ್ತದೆ. ನಿಮ್ಮ ಎರಡೂ ಪಟ್ಟಿಗಳ ಸಾಧನಗಳನ್ನು ಒಂದೊಂದಾಗಿ ಸ್ಲಾಟ್‌ನ ಹೆಸರಿನ ಎದುರು ಬರೆದು, ಪ್ರತಿ ಷರತ್ತನ್ನೂ ಅನ್ವಯಿಸಿ, ಕೊನೆಗೆ ಎಲ್ಲವೂ ಉಳಿಯುತ್ತವೆಯೇ ಎಂದು ನೋಡಿ.

ರ‍್ಯಾಮ್

ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್‌ಗಳಿದ್ದರೂ ನಡುವಿನ ಕಚ್ಚು ಬೇರೆ ಕಡೆಯಲ್ಲಿರುವುದರಿಂದ ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ. ಎಎಂ5ರಲ್ಲಿ ಡಿಡಿಆರ್5 ಮಾತ್ರ; ಎಲ್‌ಜಿಎ 1700ರಲ್ಲಿ ಬೋರ್ಡ್‌ಗೆ ತಕ್ಕಂತೆ ಎರಡರಲ್ಲೊಂದು. ನಾಲ್ಕು ಸ್ಲಾಟ್‌ಗಳಿದ್ದರೆ ವಿಸ್ತರಣೆ ಸುಲಭವೆಂಬ ನಂಬಿಕೆ ಡಿಡಿಆರ್4 ಕಾಲಕ್ಕೆ ಸರಿಯಾಗಿತ್ತು. ಡಿಡಿಆರ್5ರಲ್ಲಿ ನಾಲ್ಕೂ ಸ್ಲಾಟ್ ತುಂಬಿಸಿದರೆ ವೇಗ ಬಹಳವಾಗಿ ಇಳಿಯುತ್ತದೆ: ರೈಜೆನ್ 7000 ಸರಣಿಗೆ ಎರಡು ಮಾಡ್ಯೂಲ್‌ಗಳಿದ್ದಾಗ ಅಧಿಕೃತ ವೇಗ 5200, ನಾಲ್ಕಿದ್ದಾಗ 3600. ಹಾಗಾಗಿ ಈಗ 8 ಜಿಬಿಯ ಎರಡು ಹಾಕಿ ಮುಂದೆ ಇನ್ನೆರಡು ಸೇರಿಸುವ ಬದಲು, ಮೊದಲೇ 16 ಜಿಬಿಯ ಎರಡನ್ನು ಕೊಳ್ಳುವುದು ಜಾಣತನ. ಎರಡನ್ನು ನಾಲ್ಕು ಸ್ಲಾಟ್‌ಗಳ ಬೋರ್ಡ್‌ನಲ್ಲಿ ಹಾಕುವಾಗ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್ ಬಳಸಬೇಕು. ಪೆಟ್ಟಿಗೆಯ ಮೇಲಿನ ‘7200ಕ್ಕೂ ಮೇಲೆ’ ಎಂಬಂಥ ಸಂಖ್ಯೆಗಳು ಓವರ್‌ಕ್ಲಾಕ್ ವೇಗಗಳು, ಅಂದರೆ ಅಧಿಕೃತ ಮಿತಿಯನ್ನು ಮೀರಿ ಓಡಿಸಿದಾಗಿನವು. ನಿಮ್ಮ ರ‍್ಯಾಮ್‌ನ ಮಾದರಿ ಸಂಖ್ಯೆ ತಯಾರಕರು ಪರೀಕ್ಷಿಸಿದ ಪಟ್ಟಿಯಲ್ಲಿದೆಯೇ ಎಂಬುದು ಅದಕ್ಕಿಂತ ಮುಖ್ಯ.

ವಿದ್ಯುತ್ ಒದಗಿಸುವ ವಿಆರ್‌ಎಂ

ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್‌ನೊಳಗಿನ ವಿದ್ಯುತ್ ಪೆಟ್ಟಿಗೆ) ಬರುವ 12 ವೋಲ್ಟ್ ವಿದ್ಯುತ್ತನ್ನು ಪ್ರೊಸೆಸರ್‌ಗೆ ಬೇಕಾದ ಸುಮಾರು 1.2 ವೋಲ್ಟ್‌ಗೆ ಇಳಿಸುವ ಭಾಗವೇ ವಿಆರ್‌ಎಂ. ಆ ವೋಲ್ಟೇಜ್‌ನಲ್ಲಿ 200 ವಾಟ್ ಒದಗಿಸಬೇಕೆಂದರೆ 160 ಆಂಪಿಯರ್‌ಗೂ ಹೆಚ್ಚಿನ ಪ್ರವಾಹ ಹರಿಯಬೇಕು, ಹರಿಯುವಾಗ ಬಿಸಿಯಾಗಲೇಬೇಕು. ಕೋರ್ ಐ5 12400ರ ಗರಿಷ್ಠ ಬಳಕೆ 117 ವಾಟ್, ಐ9 13900ಕೆಯದು 253 ವಾಟ್. ಎರಡೂ ಒಂದೇ ಸಾಕೆಟ್‌ನಲ್ಲಿ ಕೂರುತ್ತವೆ ಎಂಬ ಮಾತ್ರಕ್ಕೆ ಎಲ್ಲ ಬೋರ್ಡ್‌ಗಳೂ ಎರಡನ್ನೂ ಸಲಹುತ್ತವೆ ಎಂದಲ್ಲ. ಬಡ ವಿಆರ್‌ಎಂ ಬಿಸಿಯೇರಿದಾಗ ಪ್ರೊಸೆಸರ್‌ನ ವೇಗವನ್ನೇ ಇಳಿಸಿಬಿಡುತ್ತದೆ.

ಸಾಕೆಟ್‌ನ ಎಡಬದಿ ಮತ್ತು ಮೇಲ್ಬದಿಯ ಭಾಗಗಳ ಮೇಲೆ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಇದೆಯೇ ನೋಡಿ. ಪ್ರೊಸೆಸರ್‌ನ ವಿದ್ಯುತ್ ಕನೆಕ್ಟರ್ 4 ಪಿನ್‌ನದೋ 8 ಪಿನ್‌ನದೋ ಗಮನಿಸಿ. ಜಾಹೀರಾತಿನ ‘12+2+1 ಫೇಸ್’ ಎಂಬ ವಿಆರ್‌ಎಂ ಘಟಕಗಳ ಎಣಿಕೆಯನ್ನು ಹಾಗೆಯೇ ನಂಬದೆ, ಅದೇ ಮಾದರಿಯನ್ನು ಭಾರೀ ಪ್ರೊಸೆಸರ್‌ನೊಂದಿಗೆ ಓಡಿಸಿ ತಾಪಮಾನ ಅಳೆದಿರುವ ಸ್ವತಂತ್ರ ಪರೀಕ್ಷೆಗಳನ್ನು ಹುಡುಕಿ. ಅಂಥ ಪರೀಕ್ಷೆಗಳು ಹೆಚ್ಚಾಗಿ ತಂಪಾದ ಕೋಣೆಯಲ್ಲಿ ನಡೆದಿರುತ್ತವೆ. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳಲ್ಲಿ ಎಸಿಯಿಲ್ಲದ ಕೋಣೆಯಲ್ಲಿ ಯಂತ್ರ ಓಡಿಸುವವರು ಕೋಣೆಗಳ ತಾಪಮಾನದ ಅಂತರವನ್ನು ಆ ಅಂಕಿಗಳಿಗೆ ಕೂಡಿಸಿಕೊಂಡು ಓದಬೇಕು. ಬಣ್ಣದ ದೀಪಗಳಿಗೆ ಕೊಡುವ ಹಣವನ್ನು ಇಲ್ಲಿಗೆ ಕೊಡಿ ಎಂಬುದು ನನ್ನ ಸಲಹೆ.

ಅಳತೆ, ಜಾಗ ಮತ್ತು ಹಿಂಬದಿಯ ಪೋರ್ಟ್‌ಗಳು

ಎಟಿಎಕ್ಸ್ ಬೋರ್ಡ್ 305×244 ಮಿಲಿಮೀಟರ್, ಮೈಕ್ರೊ ಎಟಿಎಕ್ಸ್ 244×244, ಮಿನಿ ಐಟಿಎಕ್ಸ್ 170×170. ಕ್ಯಾಬಿನೆಟ್‌ಗೆ ಹಿಡಿಸುತ್ತದೆಯೇ ಎಂದು ನೋಡಿದರಷ್ಟೇ ಸಾಲದು. ಒಂದು ಸ್ಲಾಟ್‌ನಿಂದ ಮುಂದಿನದಕ್ಕೆ 20 ಮಿಲಿಮೀಟರ್‌ಗಿಂತ ತುಸು ಹೆಚ್ಚು ಅಂತರವಿರುತ್ತದೆ. 60 ಮಿಲಿಮೀಟರ್ ದಪ್ಪದ ಗ್ರಾಫಿಕ್ಸ್ ಕಾರ್ಡ್ ಮೂರು ಸ್ಲಾಟ್‌ಗಳ ಜಾಗ ತಿನ್ನುತ್ತದೆ; ಗರಿಷ್ಠ ನಾಲ್ಕು ಸ್ಲಾಟ್‌ಗಳ ಮೈಕ್ರೊ ಎಟಿಎಕ್ಸ್‌ನಲ್ಲಿ ಕ್ಯಾಪ್ಚರ್ ಕಾರ್ಡ್‌ಗೆ ಉಳಿಯುವುದು ಕೊನೆಯದೊಂದೇ, ಅದೂ ಫ್ಯಾನ್‌ಗೆ ಗಾಳಿ ಬಿಡದಷ್ಟು ಒತ್ತಾಗಿ. ಬೋರ್ಡ್‌ನ ಮೇಲಿನಿಂದ ತೆಗೆದ ಚಿತ್ರವನ್ನು ದೊಡ್ಡದಾಗಿ ತೆರೆದು, ಕಾರ್ಡ್ ಆವರಿಸುವ ಭಾಗವನ್ನು ಗುರುತು ಮಾಡಿ, ಅದರಡಿಗೆ ಯಾವ ಸ್ಲಾಟ್, ಯಾವ ಸಾಟಾ ಪೋರ್ಟ್ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ನೋಡುವುದು ಉತ್ತಮ.

ಹಿಂಬದಿಯ ಯುಎಸ್‌ಬಿ ಪೋರ್ಟ್‌ಗಳನ್ನು ಎಣಿಸುವಾಗ ವೇಗವನ್ನೂ ಓದಿ: 3.2 ಜೆನ್ 1 ಎಂದರೆ ಸೆಕೆಂಡಿಗೆ 5 ಗಿಗಾಬಿಟ್, ಜೆನ್ 2 ಎಂದರೆ 10, ಜೆನ್ 2×2 ಎಂದರೆ 20. ಕ್ಯಾಬಿನೆಟ್‌ನ ಮುಂಭಾಗದಲ್ಲಿ ಟೈಪ್ ಸಿ ಪೋರ್ಟ್ ಇದ್ದರೆ ಅದಕ್ಕೆ ಬೋರ್ಡ್‌ನ ಮೇಲೆ ಪ್ರತ್ಯೇಕ ಹೆಡರ್ (ತಂತಿ ಚುಚ್ಚುವ ಪಿನ್‌ಗಳ ಜಾಗ) ಬೇಕು. ಎಚ್‌ಡಿಎಂಐ ಪೋರ್ಟ್ ಕೆಲಸ ಮಾಡಬೇಕಾದರೆ ಪ್ರೊಸೆಸರ್‌ನೊಳಗೇ ಗ್ರಾಫಿಕ್ಸ್ ಇರಬೇಕು; ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್‌ಗಳಲ್ಲಿ ಅದಿರುವುದಿಲ್ಲ. ದೀಪಗಳನ್ನು ಜೋಡಿಸುವವರು 5 ವೋಲ್ಟ್‌ನ ಮೂರು ಪಿನ್ ಹೆಡರ್‌ನ ದೀಪವನ್ನು 12 ವೋಲ್ಟ್‌ನ ನಾಲ್ಕು ಪಿನ್ ಹೆಡರ್‌ಗೆ ಚುಚ್ಚಬಾರದು, ದೀಪ ಸುಟ್ಟುಹೋಗುತ್ತದೆ.

ಬಯೋಸ್

ಬೋರ್ಡ್‌ನ ಬೆಂಬಲ ಪುಟದಲ್ಲಿ ಪ್ರತಿ ಪ್ರೊಸೆಸರ್‌ನ ಎದುರಿಗೂ ಕನಿಷ್ಠ ಬೇಕಾದ ಬಯೋಸ್ ಆವೃತ್ತಿಯನ್ನು ಬರೆದಿರುತ್ತಾರೆ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಬೋರ್ಡ್‌ನಲ್ಲಿ ಹಳೆಯ ಬಯೋಸ್ ಇದ್ದು, ಹೊಸ ಪ್ರೊಸೆಸರ್ ಅದರಲ್ಲಿ ಚಾಲೂ ಆಗದಿರಬಹುದು. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ತುಂಬುವ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುವ ಬೋರ್ಡ್‌ಗೆ ನಾನು ಯಾವಾಗಲೂ ಹೆಚ್ಚು ಬೆಲೆ ಕಟ್ಟುತ್ತೇನೆ, ಮುಂದೆ ಪ್ರೊಸೆಸರ್ ಬದಲಿಸುವಾಗಲೂ ಅದೇ ನೆರವಿಗೆ ಬರುತ್ತದೆ. ತಯಾರಕರು ಅಪ್‌ಡೇಟ್‌ಗಳನ್ನು ಎಷ್ಟು ಕಾಲ ಬಿಡುಗಡೆ ಮಾಡುತ್ತಾರೆ ಎಂಬುದೂ ಗಣನೆಗೆ ಬರಬೇಕು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಅಸ್ಥಿರತೆಗೆ 2024ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಬಂದ ಮೈಕ್ರೊಕೋಡ್ (ಪ್ರೊಸೆಸರ್‌ನೊಳಗಿನ ಸೂಚನೆಗಳ) ಪರಿಹಾರಗಳು ಬಳಕೆದಾರರಿಗೆ ಮುಖ್ಯವಾಗಿ ಬಯೋಸ್ ಅಪ್‌ಡೇಟ್ ಮೂಲಕವೇ ತಲುಪಿದವು. ಅಂಥ ಪ್ರೊಸೆಸರ್ ಹಾಕುವ ಬೋರ್ಡ್‌ಗೆ ಆ ನಂತರದ ಬಯೋಸ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ಅಂಗಡಿಯಲ್ಲಿ ಮತ್ತು ಜೋಡಿಸಿದ ಮೇಲೆ

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎದುರಿಗೇ ಕೊಳ್ಳುವವರು ಹಣ ಕೊಡುವ ಮುನ್ನ ಸಾಕೆಟ್‌ನ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ ಪಿನ್‌ಗಳನ್ನು ನೋಡಬೇಕು. ಎಲ್‌ಜಿಎ 1700, ಎಎಂ5 ಎರಡರಲ್ಲೂ ಪಿನ್‌ಗಳಿರುವುದು ಬೋರ್ಡ್‌ನಲ್ಲೇ. ಬೆಳಕಿಗೆ ಓರೆಯಾಗಿ ಹಿಡಿದಾಗ ಸಾಲುಗಳೆಲ್ಲ ಒಂದೇ ಸಮನಾಗಿ ಹೊಳೆಯಬೇಕು. ನಡುವೆ ಎಲ್ಲಾದರೂ ಕಪ್ಪು ಚುಕ್ಕೆಯಂತೆ ಕಂಡರೆ ಅಲ್ಲೊಂದು ಪಿನ್ ಬಾಗಿರುವ ಸಾಧ್ಯತೆಯಿದೆ. ಬಾಗಿದ ಪಿನ್‌ಗೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ. ಆ ಮುಚ್ಚಳವನ್ನು ಎಸೆಯಬೇಡಿ, ಬೋರ್ಡನ್ನು ಸರ್ವಿಸ್‌ಗೆ ಕಳಿಸುವಾಗ ಅದನ್ನು ಕೇಳುತ್ತಾರೆ. ಬಿಲ್ಲಿನಲ್ಲಿ ಮಾದರಿಯ ಪೂರ್ಣ ಹೆಸರು ಮತ್ತು ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಜೋಡಿಸಿ ಮುಗಿದ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ, ಕಾಗದದ ಲೆಕ್ಕವನ್ನು ಯಂತ್ರದಲ್ಲಿ ತಾಳೆ ನೋಡಬೇಕು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿಯ ವೇಗವೂ ಬಳಕೆಯಲ್ಲಿರುವ ಸ್ಲಾಟ್‌ಗಳ ಸಂಖ್ಯೆಯೂ ಕಾಣುತ್ತದೆ. ರ‍್ಯಾಮ್ ತನ್ನ ಹೆಸರಿನ ವೇಗಕ್ಕಿಂತ ನಿಧಾನವಾಗಿದ್ದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಪ್ರೊಫೈಲ್ (ಆ ವೇಗದ ಸಿದ್ಧ ಹೊಂದಿಕೆ) ಆನ್ ಮಾಡಬೇಕಾಗಿರುತ್ತದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಗ್ರಾಫಿಕ್ಸ್ ಕಾರ್ಡ್‌ಗೆ ಸಿಗುತ್ತಿರುವ ಲೇನ್‌ಗಳನ್ನೂ ಪೀಳಿಗೆಯನ್ನೂ ತೋರಿಸುತ್ತದೆ. ಕಾರ್ಡ್ ಸುಮ್ಮನಿದ್ದಾಗ ವಿದ್ಯುತ್ ಉಳಿಸಲು ಪೀಳಿಗೆಯನ್ನು ತಾನೇ ಇಳಿಸಿಕೊಳ್ಳುವುದರಿಂದ, ಆ ತಂತ್ರಾಂಶದಲ್ಲೇ ಇರುವ ಚಿಕ್ಕ ಪರೀಕ್ಷೆಯನ್ನು ಓಡಿಸಿ, ಕಾರ್ಡ್ ಕೆಲಸದಲ್ಲಿರುವಾಗ ಕಾಣುವ ಅಂಕಿಯನ್ನು ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ. ಹದಿನಾರು ಇರಬೇಕಾದಲ್ಲಿ ಎಂಟು ಕಂಡರೆ ಮೊದಲು ಕಾರ್ಡನ್ನು ತೆಗೆದು ಮತ್ತೆ ಸರಿಯಾಗಿ ಕೂರಿಸಿ. ಆಗಲೂ ಬದಲಾಗದಿದ್ದರೆ ಎಂ.2 ಸ್ಲಾಟ್‌ಗಳ ಅಡಿಟಿಪ್ಪಣಿಯನ್ನು ಇನ್ನೊಮ್ಮೆ ಓದಿ, ಅದರಲ್ಲೂ ಕಾರಣ ಸಿಗದಿದ್ದರೆ ಬಿಲ್ಲಿನೊಂದಿಗೆ ಬೋರ್ಡನ್ನು ಅಂಗಡಿಗೆ ಒಯ್ಯಿರಿ.